ಕೂಸಿನ ಮೈಗೂದಲಿಗೆ ಕಡಲೆಹಿಟ್ಟು ಬೇಡ

"ಹೆಣ್ಣು ಮಗು ಡಾಕ್ಟ್ರೇ, ಬೆನ್ನ ಮೇಲೆಲ್ಲ ಹಿಂಗೆ ಕೂದ್ಲಿದ್ರೆ ಮುಂದೆ ಹೆಂಗೆ?"

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆ ಮಕ್ಕಳ ವೈದ್ಯರಾಗಿ ಕೂತವರು ಯಾರೇ ಆಗಲಿ, ಈ ಪ್ರಶ್ನೆಯನ್ನು ಕೇಳಿಯೇ ಇರುತ್ತಾರೆ. ಕೇಳುವವರು ಸಾಮಾನ್ಯವಾಗಿ ತಾಯಿಯಲ್ಲ, ಬಾಣಂತನಕ್ಕೆ ನಿಂತ ಅಜ್ಜಿ. ತಾಯಿ ಪಾಪ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದುಕೊಂಡು ಹಿಂದೆ ನಿಂತಿರುತ್ತಾಳೆ. ಗಂಡುಮಗುವಿನ ಬೆನ್ನ ಮೇಲೂ ಅಷ್ಟೇ ಕೂದಲಿರುತ್ತದೆ. ಆದರೆ "ಗಂಡು ಮಗು ಡಾಕ್ಟ್ರೇ, ಮುಂದೆ ಹೆಂಗೆ" ಅಂತ ಯಾರೂ ನನ್ನನ್ನು ಕೇಳಿದ್ದಿಲ್ಲ. ಇವತ್ತಿನ ಮಾತು ಆ ಕೂದಲಿನ ಬಗ್ಗೆ. ಅದನ್ನು ನಾವು ಚಂದದ ಲೆಕ್ಕದಲ್ಲಿ ನೋಡುತ್ತೇವೆ. ನೋಡಬೇಕಾದದ್ದು ಆರೋಗ್ಯದ ಲೆಕ್ಕದಲ್ಲಿ.

ಹುಟ್ಟಿದ ಕೂಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಭುಜದ ಮೇಲೆ, ಬೆನ್ನಿನಲ್ಲಿ, ಹಣೆಯಂಚಿನಲ್ಲಿ, ಕಿವಿಯ ಹಾಳೆಯ ಮೇಲೆ ಬಣ್ಣವಿಲ್ಲದ ತೀರ ತೆಳುವಾದ ಕೂದಲು ಕಾಣುತ್ತದೆ. ಬೆರಳಿಗೆ ಹತ್ತುವುದೂ ಕಷ್ಟ. ಅಂಗೈ, ಅಂಗಾಲು, ತುಟಿಗಳಲ್ಲಿ ಮಾತ್ರ ಇರುವುದಿಲ್ಲ. ವೈದ್ಯರು ಇದನ್ನು ಲಾನುಗೋ ಅನ್ನುತ್ತಾರೆ. ನಾವು ನವಿರು ಕೂದಲು ಅನ್ನೋಣ, ಸಾಕು.

ಇದು ಹುಟ್ಟಿದ ಮೇಲೆ ಬಂದದ್ದಲ್ಲ. ಗರ್ಭದ ಮೂರನೇ ತಿಂಗಳಲ್ಲೇ ಹುಬ್ಬು, ಮೇಲ್ತುಟಿ, ಗಲ್ಲದ ಜಾಗದಲ್ಲಿ ಕೂದಲಿನ ಬೇರು ಊರಲು ಶುರುವಾಗುತ್ತದೆ. ಐದು ತಿಂಗಳು ತುಂಬುವ ಹೊತ್ತಿಗೆ ಮೈಯೆಲ್ಲ ಈ ಕೂದಲು ಹಬ್ಬಿರುತ್ತದೆ. ನಮ್ಮ ಮೈಮೇಲೆ ಇರುವ ಸುಮಾರು 50 ಲಕ್ಷ ಕೂದಲ ಬೇರುಗಳೂ ತಾಯಿಯ ಹೊಟ್ಟೆಯಲ್ಲೇ ಆದವು. ಹುಟ್ಟಿದ ಮೇಲೆ ಹೊಸದಾಗಿ ಒಂದೂ ಆಗುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕಡಲೆಹಿಟ್ಟಿನ ವಿಚಾರ ಬಂದಾಗ ಬೇಕಾಗುತ್ತದೆ.

ಹೊಟ್ಟೆಯೊಳಗೆ ಬೆಚ್ಚಗೆ ಇರುವ ಕೂಸಿಗೆ ಕೂದಲು ಯಾಕೆ? ಹುಟ್ಟಿದ ಮಗುವಿನ ಮೈಮೇಲೆ ಬಿಳಿಯ ಜಿಡ್ಡು ಜಿಡ್ಡಾದ ಲೇಪ ಇರುತ್ತದಲ್ಲ, ಅದನ್ನು ಚರ್ಮಕ್ಕೆ ಹಿಡಿದಿಡುವುದು ಈ ಕೂದಲು. ಮಣ್ಣಿನ ಗೋಡೆ ಮೆತ್ತುವಾಗ ಹುಲ್ಲು ಬೆರೆಸುತ್ತಾರೆ, ಮಣ್ಣು ಜಾರಬಾರದು ಅಂತ, ಹಾಗೆ. ತಿಂಗಳುಗಟ್ಟಲೆ ನೀರಿನಲ್ಲೇ ಇರುವ ಚರ್ಮ ಕೆಡದಂತೆ ಕಾಯುವುದು ಆ ಲೇಪ. ಏಳು ಎಂಟು ತಿಂಗಳ ಹೊತ್ತಿಗೆ ಈ ಕೂದಲು ಉದುರಿ ಗರ್ಭದ ನೀರಿಗೆ ಸೇರುತ್ತದೆ. ಕೂಸು ಆ ನೀರನ್ನು ಕುಡಿಯುತ್ತಲೇ ಇರುತ್ತದೆ. ಹುಟ್ಟಿದ ಮೇಲೆ ಮೊದಲ ಒಂದೆರಡು ದಿನ ಹೋಗುವ ಕಪ್ಪು ಹಸಿರು ಅಂಟು ಮಲದಲ್ಲಿ ಅದರದೇ ಮೈಗೂದಲೂ ಇರುತ್ತದೆ. ಅಸಹ್ಯಪಡಬೇಡಿ, ನಾವೆಲ್ಲರೂ ಹಾಗೇ ಬಂದವರು.

1871ರಲ್ಲಿ ಡಾರ್ವಿನ್ ಮನುಷ್ಯನ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಕೂದಲನ್ನು ಸಾಕ್ಷಿಯಾಗಿ ಕರೆದ. ಆರು ತಿಂಗಳ ಪಿಂಡದ ಮೈತುಂಬ ಉಣ್ಣೆಯಂಥ ಕೂದಲು, ಅಂಗೈ ಅಂಗಾಲು ಮಾತ್ರ ಬೋಳು, ಥೇಟ್ ಹೆಚ್ಚಿನ ಪ್ರಾಣಿಗಳಲ್ಲಿ ಇರುವಂತೆ ಅಂತ ಅವನ ವಾದ. ಮಾನವ ವಿಕಾಸದ ಕತೆಯನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ನಮ್ಮ ಮೂಡಿಗೆರೆಯ ತೋಟದಲ್ಲೇ ಇದ್ದವರು. ಹಾಗಾಗಿ ಈ ಊರಿನವರಿಗೆ ಡಾರ್ವಿನ್ ಹೆಸರು ಹೊಸದೇನಲ್ಲ.

ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದಕ್ಕೆ ಈ ಕೂದಲು ಅಷ್ಟೋ ಇಷ್ಟೋ ಉಳಿದಿರುತ್ತದೆ. ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ, ತಾನಾಗಿ ಉದುರಿ ಹೋಗುತ್ತದೆ. ಯಾರೂ ತಿಕ್ಕಬೇಕಾಗಿಲ್ಲ.

ಈಗ ಕಾಫಿ ತೋಟದ ಕಡೆ ಬರೋಣ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು ಶುರು. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದ ಕುಟುಂಬಗಳು ಲೈನ್ ಮನೆಗಳಲ್ಲಿ ಇರುತ್ತವೆ. ಬಸುರಿ ಹೆಂಗಸರೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ಹಣ್ಣು ಬಿಡಿಸುತ್ತಾರೆ. ಕೆಲವರ ಹತ್ತಿರ ತಾಯಿ ಕಾರ್ಡ್ ಇರುವುದಿಲ್ಲ, ಒಂದು ಸ್ಕ್ಯಾನಿಂಗೂ ಆಗಿರುವುದಿಲ್ಲ. ಮುಟ್ಟು ನಿಂತದ್ದು ಯಾವಾಗ ಅಂದರೆ "ಮಳೆ ಶುರುವಾಗೋಕೆ ಮುಂಚೆ" ಅನ್ನುವಷ್ಟೇ ಲೆಕ್ಕ. ಒಂದು ರಾತ್ರಿ ನೋವು ಬಂದು, ಎರಡು ಕೆಜಿಯೂ ತೂಗದ ಕೂಸು ಹುಟ್ಟುತ್ತದೆ. ಇದು ತಿಂಗಳು ತುಂಬಿಯೂ ಸೊರಗಿದ ಕೂಸೋ, ತಿಂಗಳು ತುಂಬುವ ಮೊದಲೇ ಬಂದ ಕೂಸೋ? ಎರಡಕ್ಕೂ ಆರೈಕೆ ಬೇರೆ. ಅವಧಿಗೆ ಮುಂಚೆ ಹುಟ್ಟಿದ್ದಾದರೆ ಶ್ವಾಸಕೋಶ ಬಲಿತಿರುವುದಿಲ್ಲ, ಚೀಪುವುದೂ ಬರುವುದಿಲ್ಲ.

ಕೇಳಿದರೆ ಹೇಳುವವರಿಲ್ಲದಾಗ ವೈದ್ಯರು ನೋಡುವುದು ಕೂಸಿನ ಮೈಯನ್ನೇ. ಅಮೆರಿಕದ ಮಕ್ಕಳ ವೈದ್ಯೆ ಜೀನ್ ಬಲ್ಲಾರ್ಡ್ 1979ರಲ್ಲಿ ಇದಕ್ಕೊಂದು ಅಂಕಪಟ್ಟಿ ಮಾಡಿದರು. ತೀರಾ ಬೇಗ ಹುಟ್ಟಿದ ಮಕ್ಕಳಿಗೂ ಹೊಂದುವಂತೆ 1991ರಲ್ಲಿ ಅದನ್ನು ತಿದ್ದಿದರು. ಇವತ್ತಿಗೂ ಎಲ್ಲ ಕಡೆ ಬಳಕೆಯಲ್ಲಿರುವುದು ಅದೇ. ಅದರಲ್ಲಿ ಮೈ ನೋಡಿ ಅಂಕ ಕೊಡುವ ಆರು ಸಂಗತಿಗಳಿವೆ. ಚರ್ಮ, ಅಂಗಾಲಿನ ಗೆರೆ, ಕಿವಿಯ ಗಡಸುತನದಂಥವು. ಆರರಲ್ಲಿ ಒಂದು ಈ ನವಿರು ಕೂದಲು. ಕೂಸನ್ನು ಬೋರಲು ಮಾಡಿ ಬೆನ್ನು ನೋಡುತ್ತಾರೆ. ಬೆನ್ನ ತುಂಬ ದಟ್ಟವಾಗಿದ್ದರೆ ಕೂಸು ಬಹಳ ಬೇಗ ಬಂದಿದೆ. ತೆಳುವಾಗುತ್ತಿದ್ದರೆ, ಸೊಂಟದ ಕಡೆ ಅಲ್ಲಲ್ಲಿ ಬೋಳಾಗಿದ್ದರೆ ಇನ್ನೊಂದಿಷ್ಟು ವಾರ ಬಲಿತಿದೆ. ಬಹುಪಾಲು ಬೋಳಾಗಿದ್ದರೆ ತಿಂಗಳು ತುಂಬಿದೆ. ತೀರಾ ಎಳೆಯ ಪಿಂಡಕ್ಕೂ ಕೂದಲಿರುವುದಿಲ್ಲ, ಅದಕ್ಕೇ ಕೂದಲೊಂದನ್ನೇ ನಂಬುವ ಹಾಗಿಲ್ಲ. ಉಳಿದ ಅಂಕಗಳನ್ನೂ ಕೂಡಿಸಬೇಕು. ಇಷ್ಟಕ್ಕೂ ಎರಡು ವಾರದಷ್ಟು ಹೆಚ್ಚುಕಮ್ಮಿ ಆಗಬಹುದು. ಆದರೂ ಯಾವ ಕಾಗದವೂ ಇಲ್ಲದ ಕೂಸಿಗೆ ಅದರ ಬೆನ್ನೇ ಕಾಗದ. ಅಜ್ಜಿಯರು ತಿಕ್ಕಿ ಅಳಿಸಲು ನೋಡುವುದು ಇದನ್ನೇ!

ಹೀಗೆ ಬೇಗ ಬಂದ ಕೂಸನ್ನು ಕಳಸದಂಥ ಊರಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಕಷ್ಟ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಭದ್ರೆ ಉಕ್ಕಿದರೆ ಕಳಸಕ್ಕೂ ಹೊರನಾಡಿಗೂ ನಡುವಿನ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನ ದಾರಿ ಬಂದ್. 108ಕ್ಕೆ ಫೋನ್ ಮಾಡಿ ಆಂಬ್ಯುಲೆನ್ಸ್ ಬರುವವರೆಗೂ, ಬಂದ ಮೇಲೆ ದಾರಿಯುದ್ದಕ್ಕೂ, ಕೂಸಿನ ಮೈ ತಣ್ಣಗಾಗದಂತೆ ನೋಡಿಕೊಳ್ಳಬೇಕು. ಬರಿಮೈ ಕೂಸನ್ನು ತಾಯಿಯ ಬರಿಯೆದೆಗೆ ಅವಚಿ, ಮೇಲೆ ಕಂಬಳಿ ಹೊದಿಸಿ; ತಲೆಗೆ ಟೋಪಿ ಹಾಕಿ. 1978ರಲ್ಲಿ ದಕ್ಷಿಣ ಅಮೆರಿಕದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ವೈದ್ಯ ಎಡ್ಗರ್ ರೇ ಶುರು ಮಾಡಿದ ಕ್ರಮ ಇದು. ಕಾಂಗರೂ ಆರೈಕೆ ಅಂತ ಹೆಸರಾಯಿತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನವರ ನೆರವಿನಿಂದ ಇದನ್ನು ದೊಡ್ಡದಾಗಿಯೇ ನಡೆಸಿ ತೋರಿಸಿದ್ದಾರೆ. ತಾಯಿಗೆ ಆಗದಿದ್ದರೆ ತಂದೆಯೂ ಅವಚಿಕೊಳ್ಳಬಹುದು. ನಮ್ಮ ಕಡೆಯ ಗಂಡಸರು ಮೊದಲು ನಾಚುತ್ತಾರೆ, ಆಮೇಲೆ ಬಿಡುವುದೇ ಇಲ್ಲ.

ಇನ್ನು ಕಡಲೆಹಿಟ್ಟು. ಬಚ್ಚಲ ಒಲೆಯ ಮೇಲೆ ಹಂಡೆ ನೀರು ಕುದಿಯುತ್ತಿರುತ್ತದೆ. ನೀರು ಹಾಕುವ ಅಜ್ಜಿ ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಬೋರಲು ಹಾಕಿಕೊಂಡು ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ಬೆನ್ನಿಗೆ ಹಚ್ಚಿ, ಒಣಗಿದ ಮೇಲೆ ಉಜ್ಜುತ್ತಾರೆ. ಕೆಲವರು ಹಿಟ್ಟಿನ ಉಂಡೆಯನ್ನೇ ಉರುಳಿಸುತ್ತಾರೆ. ಕೂದಲು ಹಿಟ್ಟಿಗೆ ಅಂಟಿಕೊಂಡು ಬರುವುದೇನೋ ನಿಜ. ಆದರೆ ಬೇರು ಚರ್ಮದ ಒಳಗೆ ಇದೆ, ಆಗಲೇ ಹೇಳಿದೆನಲ್ಲ. ಎಷ್ಟು ತಿಕ್ಕಿದರೂ ಬೇರು ಹೋಗುವುದಿಲ್ಲ. ದೊಡ್ಡವಳಾದ ಮೇಲೆ ಎಷ್ಟು ಕೂದಲು ಬರಬೇಕು ಅನ್ನುವುದು ಅಪ್ಪ ಅಮ್ಮನಿಂದ ಬಂದ ಬಳುವಳಿ. ಹೋಗುವುದು ಚರ್ಮದ ಮೇಲ್ಪದರ. ಕೂಸಿನ ಚರ್ಮ ನಮ್ಮದಕ್ಕಿಂತ ತೆಳು. ಗೀರಿದ ಜಾಗದಲ್ಲಿ ಕೀವುಗುಳ್ಳೆ ಏಳುತ್ತದೆ, ಅಲ್ಲಿಂದ ಸೋಂಕು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಅವಧಿಗೆ ಮುಂಚೆ ಹುಟ್ಟಿದ ಕೂಸಿಗಂತೂ ಇನ್ನೂ ಹೆಚ್ಚು. ಅದರ ಮೈಮೇಲೆಯೇ ಕೂದಲು ಜಾಸ್ತಿ, ಅದನ್ನೇ ಹೆಚ್ಚು ತಿಕ್ಕುವುದು. ಹುಟ್ಟಿದ ಮೊದಲ 24 ಗಂಟೆ ಸ್ನಾನವೇ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಬಿಳಿ ಲೇಪ ಇದ್ದಷ್ಟೂ ಒಳ್ಳೆಯದು.

ಎಣ್ಣೆ ನೀರಿಗೆ ನನ್ನ ವಿರೋಧವಿಲ್ಲ, ಅಜ್ಜಿಯರು ಬೇಜಾರು ಮಾಡಿಕೊಳ್ಳಬಾರದು. ಮೆತ್ತಗೆ ಕೊಬ್ಬರಿ ಎಣ್ಣೆ ಸವರಿ, ಉಗುರು ಬೆಚ್ಚಗಿನ ನೀರು ಹಾಕಿ, ಬೇಗ ಒರೆಸಿದರೆ ಕೂಸು ಹಾಯಾಗಿ ನಿದ್ದೆ ಮಾಡುತ್ತದೆ. ಅಜ್ಜಿಯರ ಎಲ್ಲ ಮಾತೂ ಸುಳ್ಳಲ್ಲ. ಬಸುರಿಗೆ ಎದೆಯುರಿ ಜಾಸ್ತಿ ಇದ್ದರೆ ಕೂಸಿಗೆ ಕೂದಲು ಜಾಸ್ತಿ ಅನ್ನುತ್ತಾರಲ್ಲ, ಅದನ್ನು ಸುಳ್ಳು ಮಾಡುತ್ತೇವೆ ಅಂತ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 64 ಗರ್ಭಿಣಿಯರನ್ನು ನೋಡಿ 2006ರಲ್ಲಿ ಪ್ರಕಟಿಸಿದರು. ತಲೆಗೂದಲಿನ ಮಟ್ಟಿಗೆ ಅಜ್ಜಿಯರೇ ಗೆದ್ದರು.

ಮೈಗೂದಲಿನಲ್ಲಿ ನಿಜವಾಗಿ ನೋಡಬೇಕಾದ ಜಾಗ ಒಂದಿದೆ. ಸೊಂಟದ ಕೆಳಗೆ, ಬೆನ್ನುಮೂಳೆಯ ನಟ್ಟನಡುವೆ, ಒಂದೇ ಕಡೆ ಗುಚ್ಛದಂತೆ ಉದ್ದ ಕೂದಲು ಬಂದಿದ್ದರೆ, ಅಥವಾ ಆ ಜಾಗದಲ್ಲಿ ಆಳವಾದ ಕುಳಿ, ಕೆಂಪು ಮಚ್ಚೆ, ಮೆತ್ತನೆಯ ಗಂಟು ಇದ್ದರೆ ಅದು ನವಿರು ಕೂದಲಲ್ಲ. ಒಳಗೆ ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಂಡಿಲ್ಲದಿರಬಹುದು, ಬೆನ್ನುಹುರಿ ಕೆಳಗೆ ಸಿಕ್ಕಿಕೊಂಡಿರಬಹುದು. ಹಾಗೇ ಬಿಟ್ಟರೆ ಮಗು ಬೆಳೆದಂತೆ ಕಾಲಿನ ಬಲ, ಉಚ್ಚೆಯ ಹಿಡಿತ ತಪ್ಪಬಹುದು. ಮೊದಲ ಕೆಲವು ತಿಂಗಳಲ್ಲಾದರೆ ಒಂದು ಅಲ್ಟ್ರಾಸೌಂಡಿನಲ್ಲಿ ಗೊತ್ತಾಗುತ್ತದೆ. ತಿಕ್ಕಿ ತೆಗೆದು, ಮಚ್ಚೆ ಅದೃಷ್ಟ ಅಂತ ಸುಮ್ಮನಿರಬೇಡಿ.

ಹುಟ್ಟುವಾಗ ಸರಿಯಾಗಿದ್ದ ಕೂಸಿಗೆ ಆಮೇಲೆ ಮೈತುಂಬ ಕೂದಲು ಬರತೊಡಗಿದರೆ ಔಷಧಿಯ ಮೇಲೆ ಅನುಮಾನ ಬರಬೇಕು. 2019ರಲ್ಲಿ ಸ್ಪೇನ್ ದೇಶದಲ್ಲಿ ಹದಿನೇಳಕ್ಕೆ ಕಡಿಮೆಯಿಲ್ಲದ ಮಕ್ಕಳಿಗೆ ಹಣೆ, ಕೆನ್ನೆ, ಕೈಕಾಲುಗಳಲ್ಲೆಲ್ಲ ಕೂದಲು ಬಂತು. ಹೊಟ್ಟೆಯ ಆಮ್ಲಕ್ಕೆ ಕೊಡುವ ಒಮೆಪ್ರಜೋಲ್ ಅಂತ ಕೊಟ್ಟಿದ್ದರಲ್ಲಿ ಇದ್ದದ್ದು ಬೋಳುತಲೆಗೆ ಹಚ್ಚುವ ಮಿನಾಕ್ಸಿಡಿಲ್. ಪುಡಿ ತುಂಬುವಲ್ಲಿ ಆದ ಅದಲುಬದಲು. ಔಷಧಿ ನಿಲ್ಲಿಸಿದ ಮೇಲೆ ಕೂದಲು ಉದುರಿತು. ತಲೆಗೆ ಮಿನಾಕ್ಸಿಡಿಲ್ ಹಚ್ಚಿಕೊಳ್ಳುವ ಅಪ್ಪಂದಿರು ಕೈ ತೊಳೆಯದೆ ಕೂಸನ್ನು ಎತ್ತಿಕೊಳ್ಳಬಾರದು, ಹಚ್ಚಿದ ತಲೆಗೆ ಕೂಸಿನ ಮುಖ ತಾಗಿಸಬಾರದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ದಿನಗಟ್ಟಲೆ ತೆಗೆದುಕೊಳ್ಳುವ ಸ್ಟೀರಾಯ್ಡ್ ಮಾತ್ರೆಗಳೂ ಮೈಗೂದಲು ಬೆಳೆಸುತ್ತವೆ. ಹಾಗಂತ ಫಿಟ್ಸ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ.

ಮಗು ಊಟ ಕಾಣದೆ ಸೊರಗಿದಾಗಲೂ ಈ ಕೂದಲು ಮರಳಿ ಬರಬಹುದು. ತೊಡೆ, ಅಂಡಿನ ಚರ್ಮ ಜೋಲು ಬಿದ್ದು, ಮುಖ ಮುದುಕರ ಹಾಗಾಗಿ, ಕೆನ್ನೆ ತೋಳುಗಳ ಮೇಲೆ ನವಿರು ಕೂದಲು ಹಬ್ಬಿರುತ್ತದೆ. ಅಂಗನವಾಡಿಯಲ್ಲಿ ಒಂದು ಟೇಪು ಇರುತ್ತದೆ, ಎಡತೋಳಿನ ನಡುಭಾಗ ಅಳೆಯುವುದಕ್ಕೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಅಂಥ ಮಗುವನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಕೂಲಿ ತಪ್ಪುತ್ತದೆ ಅಂತ ತಾಯಂದಿರು ಹಿಂಜರಿಯುತ್ತಾರೆ. ತೋಟದ ಮಾಲೀಕರು, ರೈಟರುಗಳು ಮನಸ್ಸು ಮಾಡಿದರೆ ಆ ಹಿಂಜರಿಕೆ ಅರ್ಧ ಕಮ್ಮಿಯಾಗುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ ಇರಲೇಬೇಕು ಅಂದಿತ್ತು. ಸಣ್ಣ ತೋಟಗಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವು ಸಣ್ಣ ತೋಟಗಳೇ.

ಹಸಿವು ಬಡವರ ಮನೆಯದೇ ಅಂದುಕೊಳ್ಳಬೇಡಿ. ಕೆಲವು ವರ್ಷದ ಹಿಂದೆ ಅನುಕೂಲಸ್ಥ ತೋಟದ ಮನೆಯ ತಾಯಿಯೊಬ್ಬರು, ಘಟ್ಟದ ಕೆಳಗೆ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ಮಗಳನ್ನು ಕರೆತಂದರು. "ಮುಖದ ಮೇಲೆ ಕೂದ್ಲು ಬಂದಿದೆ ಡಾಕ್ಟ್ರೇ. ಪಾರ್ಲರ್‌ನಲ್ಲಿ ಥ್ರೆಡಿಂಗ್ ಮಾಡಿಸಿದ್ರೂ ವಾಪಸ್ ಬರತ್ತೆ. ಹಾರ್ಮೋನ್ ಟೆಸ್ಟ್ ಬರ್ಕೊಡಿ." ಏಪ್ರಿಲ್ ತಿಂಗಳ ಧಗೆಯಲ್ಲಿ ಹುಡುಗಿ ಸ್ವೆಟರ್ ಹಾಕಿದ್ದಳು. ಬೆರಳು ತಣ್ಣಗೆ, ಉಗುರು ನೀಲಿ. ನಾಡಿ ನಿಮಿಷಕ್ಕೆ ಐವತ್ತೂ ಇರಲಿಲ್ಲ. ತೋಳು ಎತ್ತಿ ನೋಡಿದರೆ ಅಲ್ಲೂ, ಬೆನ್ನ ಮೇಲೂ ಅದೇ ಕೂದಲು, ಹಸುಗೂಸಿಗೆ ಇರುತ್ತದಲ್ಲ ಅಂಥದ್ದು. ಮುಟ್ಟು ನಿಂತು ತಿಂಗಳುಗಳಾಗಿದ್ದವು. ಊಟ ಹೇಗೆ ಅಂದರೆ ತಾಯಿ "ಮುಂಚೆ ನಾಕು ಕಡುಬು ತಿಂತಿದ್ಲು, ಈಗ ಒಂದ್ರಲ್ಲಿ ಅರ್ಧ ಬಿಡ್ತಾಳೆ, ಹಾಸ್ಟೆಲ್ ಊಟದಿಂದ ಹೊಟ್ಟೆ ಚಿಕ್ಕದಾಗಿದೆ" ಅಂದರು. ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಹುಡುಗಿ ಬಾಯಿಬಿಟ್ಟಳು. ನೆಂಟರ ಮದುವೆಯಲ್ಲಿ ಅತ್ತೆಯೊಬ್ಬರು "ಏನೇ, ಇಷ್ಟು ದಪ್ಪ ಆದ್ರೆ ಸೀರೆ ನಿಲ್ಲತ್ತೇನೇ" ಅಂದಿದ್ದರಂತೆ. ಅವತ್ತಿಂದ ಊಟ ಬಿಟ್ಟಿದ್ದಳು.

ಇದು ಅನೋರೆಕ್ಸಿಯಾ. ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ಹೆಸರಿಟ್ಟ ಕಾಯಿಲೆ. ಮೈಯ ಕೊಬ್ಬು ಕರಗಿದಾಗ ಕೆನ್ನೆ, ಬೆನ್ನು, ತೋಳುಗಳಲ್ಲಿ ನವಿರು ಕೂದಲು ಬರುವುದು ಇದರ ಹೆಸರಾಂತ ಗುರುತು. ಮೈಯ ಬಿಸಿ ಉಳಿಸಿಕೊಳ್ಳಲು ದೇಹ ಮಾಡುವ ಉಪಾಯ ಅಂತ ಕೆಲವರು, ಹಾರ್ಮೋನಿನ ಏರುಪೇರು ಅಂತ ಕೆಲವರು. ವಾದ ಇನ್ನೂ ಮುಗಿದಿಲ್ಲ. ಈ ಕೂದಲನ್ನು, ಅಂಡಾಶಯದ ತೊಂದರೆಯಾದ ಪಿಸಿಓಡಿಯಲ್ಲಿ ಬರುವ ಕೂದಲಿನ ಜೊತೆ ಕಲಸಬಾರದು. ಅದು ಕಪ್ಪು, ಒರಟು. ಗಂಡಸರಿಗೆ ಬರುವ ಜಾಗದಲ್ಲಿ, ಅಂದರೆ ಗಲ್ಲ, ಮೀಸೆ, ಎದೆಯಲ್ಲಿ ಬರುತ್ತದೆ. ಅದಕ್ಕೆ ಔಷಧಿ ಬೇರೆ. ಥೈರಾಯ್ಡ್ ಕಡಿಮೆ ಇರುವ ಮಕ್ಕಳಲ್ಲೂ ಬೆನ್ನು, ಭುಜದ ಮೇಲೆ ಕೂದಲು ಹೆಚ್ಚಬಹುದು, ಅದನ್ನೂ ಪರೀಕ್ಷಿಸಬೇಕು.

ಹಸಿದ ಮೈಗೆ ಒಮ್ಮೆಲೇ ತುಂಬಿಸಲೂ ಬಾರದು. ತೀರಾ ಸೊರಗಿದವರಿಗೆ ಏಕಾಏಕಿ ಹೊಟ್ಟೆತುಂಬ ಉಣ್ಣಿಸಿದರೆ ರಕ್ತದ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲಬಹುದು. ಆಸ್ಪತ್ರೆಯಲ್ಲಿ, ಲೆಕ್ಕ ಹಾಕಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಜೊತೆಗೆ ಮನಸ್ಸಿಗೂ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ಆ ಹುಡುಗಿ ಬದುಕಿದ್ದಾಳೆ, ಊಟ ಮಾಡುತ್ತಾಳೆ, ಆ ಕೂದಲು ತಾನಾಗಿ ಉದುರಿತು. ಅದಕ್ಕೆ ವರ್ಷಕ್ಕೂ ಮೇಲೆ ಹಿಡಿಯಿತು. ಕೂಸಾಗಿದ್ದಾಗ ಬೆನ್ನು ತಿಕ್ಕಿಸಿಕೊಂಡದ್ದೂ ಹದಿನಾರಕ್ಕೆ ಊಟ ಬಿಟ್ಟದ್ದೂ ಒಂದೇ ಮಾತಿಗೆ: ಹೆಣ್ಣುಮಗು ನೋಡುವವರ ಕಣ್ಣಿಗೆ ಚಂದ ಕಾಣಬೇಕು. ವೈದ್ಯನಾಗಿ ನನ್ನ ಸಿಟ್ಟು ಆ ಮಾತಿನ ಮೇಲೆ, ಅಜ್ಜಿಯರ ಮೇಲಲ್ಲ.

ಐವತ್ತು ದಾಟಿದವರಿಗೂ ಒಂದು ಮಾತು. 1865ರಲ್ಲಿ ಲಂಡನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ, ಎರಡು ಮೂರು ವಾರದೊಳಗೆ ಮುಖ ಮೈಯೆಲ್ಲ ಬಿಳಿಯ ಕೂದಲು ಮುಚ್ಚಿಕೊಂಡ ಹೆಂಗಸೊಬ್ಬಳ ವರದಿ ಬಂತು. ಆಮೇಲೆ ಅಂಥವರಲ್ಲಿ ಹೆಚ್ಚಿನವರಿಗೆ ಒಳಗೆಲ್ಲೋ ಕ್ಯಾನ್ಸರ್, ಶ್ವಾಸಕೋಶದ್ದೋ ದೊಡ್ಡ ಕರುಳಿನದೋ ಸ್ತನದ್ದೋ, ಇರುವುದು ಗೊತ್ತಾಯಿತು. ತೀರಾ ಅಪರೂಪ, ಬಹಳಷ್ಟು ವೈದ್ಯರು ಇಡೀ ವೃತ್ತಿಯಲ್ಲಿ ಒಂದನ್ನೂ ಕಂಡಿರುವುದಿಲ್ಲ. ಆದರೆ ಯಾವ ಹೊಸ ಮಾತ್ರೆಯನ್ನೂ ತೆಗೆದುಕೊಳ್ಳದೆ ದೊಡ್ಡವರ ಮುಖ, ಕಿವಿ, ಮೂಗಿನ ಮೇಲೆ ವಾರಗಳಲ್ಲಿ ನವಿರು ಕೂದಲು ಹಬ್ಬಿದರೆ, ನಾಲಗೆ ಉರಿಯೂ ಜೊತೆಗಿದ್ದರೆ, ತೂಕ ಇಳಿಯುತ್ತಿದ್ದರೆ, ಕ್ಷೌರದಂಗಡಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಬಾಣಂತಿ ಇದ್ದರೆ ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ, ಆಮೇಲೆ 14, 21, 28, 42ನೇ ದಿನ ಬರುತ್ತಾರೆ. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಕೂಸಿನ ಬಟ್ಟೆ ಬಿಚ್ಚಿ, ಬೋರಲು ಮಾಡಿ, ಬೆನ್ನು ಪೂರ್ತಿ ತೋರಿಸಿ. ಹುಡುಗಿಯರ ಊಟ, ಮನಸ್ಸಿನ ವಿಚಾರಕ್ಕೆ ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇದೆ. ಯಾರಿಗೂ ಗೊತ್ತಾಗದಂತೆ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನಂಬರನ್ನು ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು ನಾಲ್ಕು ನಾಲ್ಕು ಒಂದು ಆರು.